‘ಒಣನೆಲ’ಕ್ಕೆ ಬಿಟ್ಟ ಕುರಿ

ನಮ್ಮ ಪತ್ರಿಕೆಯನ್ನು ಓದಲು ಯಾರೂ ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಬರೆಯುವವರೂ ಕೊಡಬೇಕಿಲ್ಲ. ಈ ಎರಡು ಮಾತು ಹೇಳಿ ಮುಗಿಸುವಷ್ಟರಲ್ಲಿ ಎದುರಿಗಿರುವವರ ಮುಖದಲ್ಲಿ ಕನಿಕರ ಕಾಣಿಸಿಕೊಳ್ಳುತ್ತದೆ. ಹಿಂದೆಯೇ ಪ್ರಶ್ನೆ ಬರುತ್ತದೆ: “ಹಂಗಾದ್ರೆ ಖರ್ಚಿಗೆ ಏನ್ಮಾಡ್ತೀರಿ ಮೇಡಂ?” ಚಳ್ಳಕೆರೆಯಂಥ ವ್ಯಾಪಾರದ ಊರಿನಲ್ಲಿ, ಬೆಳಗಾದರೆ ಶೇಂಗಾ ರೇಟು ಕೇಳಿಕೊಂಡೇ ಹಲ್ಲುಜ್ಜುವ ಜನರ ನಡುವೆ, ಈ ಪ್ರಶ್ನೆ ನನಗೆ ಹೊಸದಲ್ಲ. ಉತ್ತರ ಇರುವ ತನಕ ನಾನು ನಗುನಗುತ್ತಲೇ ಹೇಳುತ್ತಿದ್ದೆ. ಉತ್ತರ ಕೈತಪ್ಪಿದ ಮೇಲೆ, ಕೇಳಿದವರ ಮೇಲೆಲ್ಲ ಸಿಟ್ಟು ಬರತೊಡಗಿತು.

ಪತ್ರಿಕೆಯ ಹೆಸರು ‘ಒಣನೆಲ’. ಅದು ಕಾಗದದ ಮೇಲೆ ಅಚ್ಚಾಗುವುದಿಲ್ಲ, ಇಂಟರ್ನೆಟ್ಟಿನಲ್ಲಿ ಮಾತ್ರ ಬರುತ್ತದೆ. ಮಳೆ ಕಡಿಮೆ ಬೀಳುವ ಸೀಮೆಯ ಹುಲ್ಲು, ಕುರಿ, ಬೆಳೆ, ನೇಯ್ಗೆ, ಜನರ ಚರಿತ್ರೆ, ಇವುಗಳ ಮೇಲಿನ ಸಂಶೋಧನಾ ಲೇಖನಗಳನ್ನು ಕನ್ನಡದಲ್ಲಿ ಪ್ರಕಟಿಸುತ್ತೇವೆ. ಪ್ರತಿ ಲೇಖನವನ್ನೂ ಆ ವಿಷಯ ಬಲ್ಲ ಇಬ್ಬರು ಓದಿ ಒಪ್ಪಬೇಕು. ಒಪ್ಪದಿದ್ದರೆ ಬರೆದವರು ನನ್ನ ಸೋದರಮಾವನೇ ಆದರೂ ವಾಪಸು. ನಾನು ದಾಕ್ಷಾಯಿಣಿ, ಇಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು, ‘ಒಣನೆಲ’ದ ಸಂಪಾದಕಿ. ಸಂಪಾದಕಿ ಮಾಡದ ಉಳಿದ ಕೆಲಸವನ್ನೆಲ್ಲ ಮಾಡುವವನು ನಮ್ಮ ಲೈಬ್ರರಿಯನ್ ನಾಗಭೂಷಣ. ಸರ್ವರಿನ ಬಾಡಿಗೆ, ಲೇಖನಗಳು ಮುಂದೆಂದೂ ಕಳೆದುಹೋಗದಂತೆ ಕಾಯ್ದಿಡುವ ವ್ಯವಸ್ಥೆಯ ಚಂದಾ, ಪುಟ ಜೋಡಿಸುವ ಸ್ವಪ್ನಳ ಸಂಬಳ, ಇಷ್ಟಕ್ಕೂ ಬೆಂಗಳೂರಿನ ಒಂದು ಟ್ರಸ್ಟು ವರ್ಷವರ್ಷ ದುಡ್ಡು ಕಳಿಸುತ್ತಿತ್ತು. ಸಂಕ್ರಾಂತಿ ಮುಗಿದ ವಾರ ಅವರ ಮೇಲ್ ಬಂತು. ನಿಮ್ಮ ಕೆಲಸ ಬಹಳ ಮೆಚ್ಚುಗೆಯಾಗಿದೆ, ಆದರೆ ನಮ್ಮ ಆದ್ಯತೆಗಳು ಬದಲಾಗಿವೆ, ಬರುವ ಏಪ್ರಿಲ್‌ನಿಂದ ಸಹಾಯಧನ ಇರುವುದಿಲ್ಲ. ಆದ್ಯತೆ ಬದಲಾಗುವುದು ದುಡ್ಡಿದ್ದವರಿಗೆ ಮಾತ್ರ ಬರುವ ಕಾಯಿಲೆ ಎಂದು ನಾನು ನಾಗಭೂಷಣನಿಗೆ ಹೇಳಿದೆ. ಅವನು ನಗಲಿಲ್ಲ.

ಸುದ್ದಿ ಹೇಗೆ ಹಬ್ಬಿತೋ, ಫೆಬ್ರವರಿಯಲ್ಲಿ ಹೈದರಾಬಾದಿನ ಒಂದು ಪ್ರಕಾಶನ ಕಂಪನಿಯಿಂದ ಚಿರಂಜೀವಿ ಎಂಬಾತ ಬಂದ. ಕೆಟ್ಟ ಮನುಷ್ಯನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಆದರೆ ಆತ ಬಹಳ ಒಳ್ಳೆಯವನು. ನಮ್ಮ ಹಳೆಯ ಸಂಚಿಕೆಗಳನ್ನೆಲ್ಲ ಓದಿಕೊಂಡೇ ಬಂದಿದ್ದ. ಕಂಪನಿ ಪತ್ರಿಕೆಯನ್ನು ವಹಿಸಿಕೊಳ್ಳುತ್ತದೆ, ಸರ್ವರಿನ ತಲೆನೋವು ಇರುವುದಿಲ್ಲ, ನಾನು ಸಂಪಾದಕಿಯಾಗಿಯೇ ಇರಬಹುದು.

“ಒಂದೇ ವಿಷಯ ಮೇಡಂ,” ಎಂದ. “ಓದೋರು ಕೊಡಬೇಕು, ಇಲ್ಲಾ ಬರೆಯೋರು ಕೊಡಬೇಕು. ಎರಡರಲ್ಲಿ ಒಂದು ಬಾಗಿಲಿಗೆ ಟಿಕೆಟ್ ಇಡ್ಲೇಬೇಕು. ಈಗ ಎಲ್ಲಾ ಕಡೆ ಬರೆಯೋರ ಹತ್ರ ತಗೊಳ್ಳೋದೇ ನಡೀತಿರೋದು.”

ಒಂದು ಲೇಖನಕ್ಕೆ ಎಷ್ಟು ಎಂದು ಕೇಳಿದೆ. ಅವನು ಹೇಳಿದ ಮೊತ್ತ ಕೇಳಿ ನನ್ನ ಕಣ್ಣ ಮುಂದೆ ಬಂದವನು ಲೋಹಿತ. ಮೊಳಕಾಲ್ಮುರು ತಾಲ್ಲೂಕಿನ ಕೊಂಡ್ಲಹಳ್ಳಿಯ ಹುಡುಗ, ಪಶುವೈದ್ಯಕೀಯದಲ್ಲಿ ಸಂಶೋಧನೆ ಮಾಡುತ್ತಿದ್ದಾನೆ. ತಿಂಗಳುಗಟ್ಟಲೆ ಫೆಲೋಶಿಪ್ ಬಾರದೆ, ಮೆಸ್ಸಿನವನಿಗೆ ಮುಖ ತಪ್ಪಿಸಿ ಓಡಾಡುವವನು. ಕುರಿಗಳಿಗೆ ಬರುವ ನೀಲಿನಾಲಿಗೆ ರೋಗ ನಮ್ಮ ಸೀಮೆಯಲ್ಲಿ ಯಾವ ಹವೆಗೆ, ಯಾವ ಕೆರೆಯಂಚಿನ ನೊಣದಿಂದ ಹಬ್ಬುತ್ತದೆ ಎಂದು ಅವನು ಬರೆದ ಲೇಖನ ‘ಒಣನೆಲ’ದಲ್ಲಿ ಬಂದಿತ್ತು. ಟಿಕೆಟ್ ಇದ್ದಿದ್ದರೆ ಅವನು ಬಾಗಿಲಿನ ಹೊರಗೇ ನಿಲ್ಲುತ್ತಿದ್ದ. ನಮಗೆ ಬರೆಯುವವರಲ್ಲಿ ಅರ್ಧದಷ್ಟು ಜನ ಅತಿಥಿ ಉಪನ್ಯಾಸಕರು. ಅವರ ಸಂಬಳ ಯಾವಾಗ ಬರುತ್ತದೆಂದು ಸರ್ಕಾರಕ್ಕೂ ಗೊತ್ತಿಲ್ಲ. ಹಾಗೆಂದು ಓದುವವರ ಬಾಗಿಲಿಗೆ ಟಿಕೆಟ್ ಇಡೋಣವೇ? ಲೋಹಿತನ ಲೇಖನವನ್ನು ನಾಗಭೂಷಣ ತನ್ನೂರಿನ ಮಾತಿನಲ್ಲಿ ಓದಿ, ವಾಯ್ಸ್ ಮೆಸೇಜು ಮಾಡಿ, ಕುರಿಗಾರರ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಆ ವರ್ಷ ಅವನೂರು ನನ್ನಿವಾಳದ ಹಟ್ಟಿಗಳಲ್ಲಿ ಮಳೆಗೆ ಮುಂಚೆಯೇ ಕುರಿಗಳಿಗೆ ಲಸಿಕೆ ಹಾಕಿಸಿದರು. ಯಾವ ಬಾಗಿಲು ಮುಚ್ಚಿದರೂ ನನ್ನ ಪತ್ರಿಕೆ ನನ್ನ ಪತ್ರಿಕೆಯಾಗಿ ಉಳಿಯುವುದಿಲ್ಲ.

ನಮ್ಮ ಕಾಲೇಜು ಕಮಿಟಿಯ ಅಧ್ಯಕ್ಷರು ಮುರುಗೇಂದ್ರಪ್ಪನವರು. ಎಣ್ಣೆ ಮಿಲ್ಲು, ಶೇಂಗಾ ಮಂಡಿ ಎರಡೂ ಇವೆ. ಅವರ ಮಗ ಸಿದ್ದಲಿಂಗೇಶ್ ಕಮಿಟಿಯ ಖಜಾಂಚಿ. ಪತ್ರಿಕೆ ಕಾಲೇಜಿನ ಹೆಸರಿನಲ್ಲಿ ಇರುವುದರಿಂದ ಕಂಪನಿಯ ಒಪ್ಪಂದಕ್ಕೆ ನನ್ನದೊಂದು, ಅಧ್ಯಕ್ಷರದೊಂದು ಸಹಿ ಬೇಕಿತ್ತು.

“ದಾಕ್ಷಾಯಿಣಮ್ಮ, ನಾನು ಓದಿರೋದು ಕಮ್ಮಿ,” ಎಂದರು ಮುರುಗೇಂದ್ರಪ್ಪನವರು. “ಆದ್ರೆ ಅಂಗಡಿಗೆ ಎರಡೂ ಬಾಗ್ಲು ತೆಗೆದಿಟ್ರೆ ಗಾಳಿ ಚೆನ್ನಾಗಿ ಬರ್ತೈತೆ, ದುಡ್ಡು ಬರಲ್ಲ. ಆ ಕಂಪನಿ ಹುಡುಗ ನ್ಯಾಯವಾಗೇ ಮಾತಾಡ್ತಾವ್ನೆ. ಸಹಿ ಹಾಕಿ ಹಗೂರಾಗ್ರಿ.”

“ಸ್ವಲ್ಪ ಟೈಮ್ ಕೊಡ್ರಿ,” ಎಂದೆ. ಅವರು ಮೇ ತಿಂಗಳ ಕಮಿಟಿ ಸಭೆಯ ತನಕ ಕೊಟ್ಟರು. ಅಲ್ಲಿಯವರೆಗಿನ ಸರ್ವರ್ ಬಾಡಿಗೆ ನನ್ನ ಸಂಬಳದಲ್ಲಿ ಹೋಗುವುದೆಂದು ತೀರ್ಮಾನವಾಯಿತು.

ಅದಾಗಿ ಒಂದು ಸೋಮವಾರ ನಾಗಭೂಷಣ ಲೈಬ್ರರಿಗೆ ತಲೆ ತಗ್ಗಿಸಿಕೊಂಡು ಬಂದ. ಹೊಸ ಪುಸ್ತಕಗಳ ಕಟ್ಟು ಬಿಚ್ಚಿದ, ಮತ್ತೆ ಕಟ್ಟಿದ. ಏನೋ ಎಡವಟ್ಟಾಗಿದೆ ಎಂದು ನನಗೆ ತಿಳಿಯಿತು.

“ಮೇಡಂ, ಅವ್ವ ಒಂದು ಕುರಿ ಬಿಟ್ಟವ್ಳೆ.”

“ಒಳ್ಳೇದಾಯ್ತಲ್ಲ. ಯಾವ ದೇವರಿಗೆ?”

“ದೇವರಿಗಲ್ಲ ಮೇಡಂ. ಒಣನೆಲಕ್ಕೆ.”

ಕುರಿ ಬಿಡುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಕಷ್ಟ ಬಂದಾಗಲೋ ಕಷ್ಟ ಕಳೆದಾಗಲೋ ಮನೆಯವರು ಮಂದೆಯ ಒಂದು ಕುರಿಯ ಕಿವಿಗೆ ಗುರುತಿನ ಕೊಯ್ತ ಹಾಕಿ ದೇವರಿಗೆ ಬಿಡುತ್ತಾರೆ. ಅದು ಅದೇ ಮಂದೆಯಲ್ಲಿ ಮೇಯುತ್ತದೆ, ಅದೇ ರೊಪ್ಪದ ಬೇಲಿಯೊಳಗೆ ಮಲಗುತ್ತದೆ. ಆದರೆ ಅದು ಮನೆಯದಲ್ಲ. ಅದನ್ನು ಮಾರುವಂತಿಲ್ಲ, ಕೊಯ್ಯುವಂತಿಲ್ಲ, ಬಿಟ್ಟಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ನಾಗಭೂಷಣ ಮನೆಯಲ್ಲಿ ಊಟ ಮಾಡುತ್ತಾ, ಪತ್ರಿಕೆಗೆ ಇನ್ನು ಮೇಲೆ ಗತಿಯಿಲ್ಲ ಎಂದು ಸಂಕಟ ತೋಡಿಕೊಂಡಿದ್ದಾನೆ. ತಾಯಿ ನಾಗಕ್ಕ ಕೈ ತೊಳೆದು ಎದ್ದುಹೋಗಿ ಒಂದು ಒಳ್ಳೆಯ ಹೆಣ್ಣು ಕುರಿಯ ಎಡಗಿವಿ ಕೊಯ್ದೇಬಿಟ್ಟಿದ್ದಾಳೆ.

ನಾನು ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಆಮೇಲೆ ಸಿಟ್ಟು ಬಂತು. ಇಬ್ಬರು ವಿದ್ವಾಂಸರು ಓದಿ ಒಪ್ಪಿದ ಲೇಖನಗಳನ್ನು ಪ್ರಕಟಿಸುವ ಪತ್ರಿಕೆಗೆ ಕುರಿಯೇ? ನಾಳೆ ಯೂನಿವರ್ಸಿಟಿಯವರು ಕೇಳಿದರೆ ನಮ್ಮ ಮೂಲಧನ ರೊಪ್ಪದಲ್ಲಿದೆ ಎನ್ನಲೇ? “ನಡೀ, ನಾನೇ ನಿಮ್ಮವ್ವನಿಗೆ ಹೇಳ್ತೀನಿ,” ಎಂದು ಅವನ ಬೈಕು ಹತ್ತಿದೆ.

ನಾಗಕ್ಕ ರೊಪ್ಪದ ಮುಂದೆ ಕೂತು ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ನನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ನಾನು ಆದಷ್ಟು ಮೆತ್ತಗೆ ಹೇಳಿದೆ. ನಿನ್ನ ಮನಸ್ಸು ದೊಡ್ಡದು, ಆದರೆ ಪತ್ರಿಕೆಗೆ ಕುರಿ ಆಗಿಬರುವುದಿಲ್ಲ, ನಿನ್ನ ಕುರಿ ನೀನೇ ಇಟ್ಟುಕೋ.

“ಕಿವಿ ಕೊಯ್ದಾದ ಮ್ಯಾಲೆ ಅಂಟ್ಸಾಕಾಗ್ತೈತಾ ಮೇಡಮ್ಮೋರೆ?” ಎಂದಳು. “ಹೋದೊರ್ಷ ಆ ನೊಣದ ವಿಚಾರ ಕೇಳಿಸ್ಕೊಂಡು ನಾವು ಸೂಜಿ ಹಾಕಿಸಿದ್ವಿ. ಪಕ್ಕದೂರಾಗೆ ಕುರಿ ನಾಲಿಗೆ ಊದ್ಕೊಂಡು ಸತ್ವು, ನಮ್ಮವು ನಿಂತ್ವು. ಆವಾಗ ನೀವು ಯಾರೂ ಕಾಸು ಕೇಳ್ಲಿಲ್ಲ. ಈಗ ಅದಕ್ಕೇ ಗತಿಯಿಲ್ಲ ಅಂದ್ರೆ ನೋಡ್ಕೊಂಡು ಕೂರಾನಾ?”

ಅಷ್ಟರಲ್ಲಿ ಪಕ್ಕದ ರೊಪ್ಪದ ದೊಡ್ಡಪಾಲಯ್ಯ ಬಂದ. ಅವನಿಗೂ ನಾಗಕ್ಕನ ಮನೆಗೂ ಮೊದಲಿನಿಂದ ಪೈಪೋಟಿ. “ನಾಗಕ್ಕನ ಮನೇರು ಒಂದು ಬಿಟ್ರೆ ನಾವೇನು ಕೈಕಟ್ಕಂಡು ನಿಂತ್ಕಂತೀವಾ? ನಮ್ದೂ ಒಂದು ಬರ್ಕಳ್ರಿ,” ಎಂದ. ಹೊತ್ತು ಮುಳುಗುವ ಮುಂಚೆ ಹಟ್ಟಿಯ ಮತ್ತಷ್ಟು ಮನೆಯವರು ಬಂದರು. ಕೆಲವರಿಗೆ ಪತ್ರಿಕೆಯ ಮೇಲೆ ಪ್ರೀತಿ, ಕೆಲವರಿಗೆ ದೊಡ್ಡಪಾಲಯ್ಯನ ಮೇಲೆ ಹಟ. ದೊಡ್ಡಪಾಲಯ್ಯ ಮಾತ್ರ ನನ್ನನ್ನು ಬದಿಗೆ ಕರೆದು ಕೇಳಿದ: “ನಮ್ಮ ಹುಡುಗ ಕಾಲೇಜಿನಾಗೆ ಎಮ್ಮೆ ಓದ್ತಾವ್ನೆ. ಅವ್ನು ಬರೆದ್ರೆ ಹಾಕ್ತೀರಾ?”

“ಚೆನ್ನಾಗಿದ್ರೆ ಹಾಕ್ತೀನಿ. ಇಲ್ಲಾಂದ್ರೆ ವಾಪಸ್ ಕಳಿಸ್ತೀನಿ.”

“ದೇವರೂ ಹಂಗೇಯ. ಕೇಳ್ದೋರಿಗೆಲ್ಲ ಏನು ಕೊಡ್ತಾನಾ?” ಎಂದು ಜೋರಾಗಿ ನಕ್ಕು ಕುರಿ ಹಿಡಿಯಲು ಹೋದ.

ವಾಪಸು ಬರುವಾಗ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ದೇವಸ್ಥಾನದ ನಂದಾದೀವಿಗೆಯ ತುಪ್ಪಕ್ಕೆಂದು ಕುರಿ ಬಿಟ್ಟ ಶಾಸನಗಳನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ದೀಪ ಹಚ್ಚಿದವರು ಹೋದರು, ಕುರಿ ಬಿಟ್ಟವರು ಹೋದರು, ಆದರೂ ತಲೆಮಾರುಗಳ ತನಕ ದೀಪ ಉರಿಯಿತು ಎಂದು ಬೋರ್ಡಿನ ಮೇಲೆ ಬರೆದು, ಕೈಗಂಟಿದ ಸೀಮೆಸುಣ್ಣ ಝಾಡಿಸಿಕೊಂಡು ಹೊರಗೆ ಬಂದು, ಟ್ರಸ್ಟುಗಳಿಗೆ ಅರ್ಜಿ ಹಾಕುತ್ತಿದ್ದವಳು ನಾನು. ಬೈಕಿನ ಮೇಲೆ ಕೂತಲ್ಲೇ ನಾಗಭೂಷಣನ ಬೆನ್ನಿಗೆ ಒಂದು ಗುದ್ದಿದೆ. “ಲೆಕ್ಕ ಹಾಕೋ, ಇದು ಆಗ್ತೈತೆ,” ಎಂದೆ.

ಮಾರನೆಯ ದಿನ ಇಬ್ಬರೂ ಕೂತು ಕರಾರು ಮಾಡಿದೆವು. ಬಿಟ್ಟ ಕುರಿ ಬಿಟ್ಟವರ ಮಂದೆಯಲ್ಲೇ ಇರಬೇಕು. ಉಣ್ಣೆ, ಗೊಬ್ಬರ, ಹೆಣ್ಣು ಮರಿ ಮೇಯಿಸಿದವರಿಗೆ. ಗಂಡು ಮರಿಗಳು ಮಾತ್ರ ಪತ್ರಿಕೆಗೆ. ವರ್ಷಕ್ಕೊಮ್ಮೆ ಚಳ್ಳಕೆರೆಯ ಕುರಿ ಸಂತೆಯಲ್ಲಿ ಅವನ್ನು ಮಾರಿ ಬಂದದ್ದು ‘ಒಣನೆಲ’ದ ಖಾತೆಗೆ. ಕುರಿಯೊಂದರಿಂದಲೇ ಎಲ್ಲವೂ ತೂಗುವುದಿಲ್ಲ, ಸ್ವಪ್ನಳ ಸಂಬಳಕ್ಕೆ ಕಡಿಮೆ ಬೀಳುತ್ತದೆ ಎಂದು ನಾಗಭೂಷಣ ತೋರಿಸಿಕೊಟ್ಟ. ಅದಕ್ಕೆ ನಾನು ಸುತ್ತಲಿನ ಜಿಲ್ಲೆಗಳ ಕಾಲೇಜು ಲೈಬ್ರರಿಗಳಿಗೆಲ್ಲ ಪತ್ರ ಬರೆದೆ. ಹಿಂದಿನ ಅರ್ಜಿಗಳ ಹಾಗೆ ‘ದಯವಿಟ್ಟು’ ಎಂದು ಶುರುಮಾಡಲಿಲ್ಲ. ‘ನನ್ನಿವಾಳದ ಹಟ್ಟಿಯವರು ಈ ಪತ್ರಿಕೆಗೆ ಮನೆಗೊಂದು ಕುರಿ ಬಿಟ್ಟಿದ್ದಾರೆ. ನಿಮ್ಮ ಲೈಬ್ರರಿಯಿಂದ ಏನು ಬಿಡುತ್ತೀರಿ?’ ಇಷ್ಟೇ ಬರೆದೆ. ಇಷ್ಟು ವರ್ಷ ಉದ್ದುದ್ದ ಅರ್ಜಿಗೆ ಬಾರದ ಉತ್ತರ ಎರಡು ಸಾಲಿಗೆ ಬಂತು. ಒಂದು ಕಾಲೇಜು ವರ್ಷವರ್ಷ ಇಷ್ಟು ಎಂದು ಬರೆದುಕೊಟ್ಟಿತು. ಇನ್ನೊಂದರ ಪ್ರಾಂಶುಪಾಲರು ಫೋನು ಮಾಡಿ, ನಮ್ಮದು ಎರಡು ಕುರಿಯಷ್ಟು ಎಂದು ಹಿಡಿದುಕೊಳ್ಳಿ ಎಂದರು. ಮೊಳಕಾಲ್ಮುರಿನ ರೇಷ್ಮೆ ನೇಕಾರರ ಒಂದು ಸಂಘದವರು, ತಮ್ಮ ಸೀರೆಯ ಅಂಚಿನ ಮೇಲೆ ಲೇಖನ ಬಂದದ್ದನ್ನು ನೆನೆದು, ಮಗ್ಗಕ್ಕಿಷ್ಟು ಎಂಬ ಲೆಕ್ಕದಲ್ಲಿ ಸೇರಿಕೊಂಡರು.

ಏಪ್ರಿಲ್ ಮುಗಿಯುವಷ್ಟರಲ್ಲಿ ನಾನು ಎದೆಯುಬ್ಬಿಸಿಕೊಂಡು ಮುರುಗೇಂದ್ರಪ್ಪನವರ ಮಂಡಿಗೆ ಹೋದೆ. ಕರಾರು ಓದಿ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಸಿದ್ದಲಿಂಗೇಶ್ ಕ್ಯಾಲ್ಕುಲೇಟರ್ ಒತ್ತಿ, “ಅಪ್ಪಾಜಿ, ಲೆಕ್ಕ ಸರಿಗೈತೆ,” ಎಂದ.

“ಲೆಕ್ಕ ಸರಿಗೈತೆ ಕಣೋ,” ಎಂದು ಮುರುಗೇಂದ್ರಪ್ಪನವರು ಕಣ್ಣು ಬಿಟ್ಟರು. “ಕುರಿ ಸತ್ರೆ?”

ನಾನು ಕರಾರಿನ ಹಾಳೆ ತಿರುವಿದೆ, ಅದರಲ್ಲಿ ಸಾವಿನ ಮಾತೇ ಇರಲಿಲ್ಲ.

“ಬಂಡವಾಳ ಅಂದ್ರೆ ಸಾಯಬಾರದು ದಾಕ್ಷಾಯಿಣಮ್ಮ. ಠೇವಣಿಗೆ ರೋಗ ಬರಲ್ಲ, ತೋಳ ಹಿಡಿಯಲ್ಲ. ನಿಮ್ಮ ಬಂಡವಾಳಕ್ಕೆ ನಾಲ್ಕು ಕಾಲು ಅವೆ, ಎತ್ಲಾಗೆ ಬೇಕಾದ್ರೂ ಹೋಗ್ತೈತೆ. ಒಂದು ಕೆಟ್ಟ ವರ್ಷ ಬಂದ್ರೆ ಪತ್ರಿಕೆ ಮತ್ತೆ ಬೀದಿಗೆ. ಸೋಮವಾರ ಸಭೆಗೆ ಆ ಕಂಪನಿ ಹುಡುಗ ಬರ್ತಾನೆ. ಇದಕ್ಕೊಂದು ಉತ್ತರ ತಗೊಂಡ್ಬರ್ರಿ. ಇಲ್ಲಾಂದ್ರೆ ಸಹಿ ಹಾಕ್ರಿ.”

ಪ್ರಶ್ನೆ ನ್ಯಾಯವಾದದ್ದು, ಅದಕ್ಕೇ ಮೈಯೆಲ್ಲ ಉರಿಯಿತು. ಸತ್ತರೆ ಸತ್ತಿತು, ಇದರಲ್ಲಿ ಕುರಿಗಾರರನ್ನು ಕೇಳುವುದೇನಿದೆ ಎಂದು ನಾನು ವಿಮೆ ಮಾಡಿಸುವ ದಾರಿ ಹುಡುಕುತ್ತಾ ಕೂತೆ. ಆಫೀಸಿನಿಂದ ಆಫೀಸಿಗೆ ಅಲೆದೆ. ಕುರಿ ಯಾರ ಹೆಸರಿನಲ್ಲಿದೆ ಎಂದು ಎಲ್ಲರೂ ಕೇಳಿದರು. ಪತ್ರಿಕೆಯ ಹೆಸರಿನಲ್ಲಿ ಎಂದರೆ ಎಲ್ಲರೂ ಮುಖ ನೋಡಿದರು.

ಶನಿವಾರ ಮಧ್ಯಾಹ್ನ ಮೋಡ ಕಟ್ಟಿ ಗುಡುಗಿತು. ಭಾನುವಾರ ಬೆಳಿಗ್ಗೆ ನಾಗಭೂಷಣನ ಫೋನು ಬಂತು. ಅವನ ಅಣ್ಣ ಪಾತಣ್ಣ ಹಟ್ಟಿಯ ನಾಲ್ಕಾರು ಮನೆಗಳ ಕುರಿ ಸೇರಿಸಿಕೊಂಡು, ಗೊಬ್ಬರಕ್ಕೆಂದು ಹೊಲದಲ್ಲಿ ಮಂದೆ ನಿಲ್ಲಿಸಲು ಕೊಂಡ್ಲಹಳ್ಳಿಗೆ ಹೋಗಿದ್ದ. ಮಳೆಗೆ ಕುರಿಗಳು ಬೇವಿನ ಮರದಡಿ ಸೇರಿವೆ. ಮರಕ್ಕೆ ಸಿಡಿಲು ಬಡಿದಿದೆ. ನೀರು ತರಲು ಹೋಗಿದ್ದ ಪಾತಣ್ಣ ಉಳಿದಿದ್ದಾನೆ.

ನಾನು ಸಿಕ್ಕ ಬಸ್ಸು ಹತ್ತಿ ಹೋದೆ. ಮರದ ಸುತ್ತ ಕುರಿಗಳು ಒಂದರ ಮೇಲೊಂದು ತಲೆಯಿಟ್ಟು ಮಲಗಿದ ಹಾಗೆಯೇ ಇದ್ದವು. ಮೈಮೇಲೆ ಒಂದು ಗಾಯವೂ ಕಾಣಲಿಲ್ಲ. ಲೋಹಿತ ತನ್ನೂರಿನಲ್ಲೇ ಇದ್ದವನು, ತಾಲ್ಲೂಕಿನ ಪಶುವೈದ್ಯರ ಜೊತೆ ನಿಂತು ಪರಿಹಾರದ ಅರ್ಜಿಗೆ ಬೇಕಾದ ಮಹಜರು ಬರೆಸುತ್ತಿದ್ದ. ಪಾತಣ್ಣ ಹೊಲದ ಬದುವಿನ ಮೇಲೆ ಕೂತು ಮುಖ ಮುಚ್ಚಿಕೊಂಡಿದ್ದ. ಎದೆ ಒಡೆದು ಅಳುತ್ತಿರುವ ಆ ಮನುಷ್ಯನ ಹತ್ತಿರ ಹೋಗುವ ಬದಲು ನನ್ನ ಕಣ್ಣು ಮೊದಲು ಕುರಿಗಳ ಕಿವಿಯ ಮೇಲೆ ಓಡಿತು. ಎಡಗಿವಿಯಲ್ಲಿ ನಮ್ಮ ಕೊಯ್ತವಿದ್ದವು ಅಲ್ಲಿ ಬಿದ್ದಿದ್ದವು, ಒಂದಲ್ಲ, ಹಲವು. ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಮುಗಿಯಿತು, ನಾಳೆ ಸಹಿ ಹಾಕುವುದೇ ಎಂದು ಮನಸ್ಸು ತೀರ್ಮಾನಿಸಿಬಿಟ್ಟಿತು.

ನಾಗಕ್ಕ ನಸುಕಿನಲ್ಲೇ ಬಂದಿದ್ದಳಂತೆ. ಸತ್ತ ಒಂದೊಂದರ ಹತ್ತಿರವೂ ಹೋಗಿ, ಬಣ್ಣ ಹೇಳಿ, ತಾಯಿ ಹೇಳಿ, ಕರೆದು ಅತ್ತಿದ್ದಳಂತೆ. ನಾನು ಹೋದಾಗ ಅತ್ತು ಮುಗಿಸಿ ಉಳಿದ ಕುರಿಗಳ ನಡುವೆ ನಿಂತಿದ್ದಳು. ಅವಳ ಕೈ ಹಿಡಿದುಕೊಂಡೆ.

“ನಾಗಕ್ಕ, ನಿಮಗೇ ಇಷ್ಟು ದೊಡ್ಡ ಏಟು ಬಿದ್ದೈತೆ. ಪತ್ರಿಕೆ ಕುರಿ ಹೋದ್ವು, ಹೋಗ್ಲಿ ಬಿಡು. ನೀವು ಇನ್ನೇನೂ ಕೊಡಬೇಕಾಗಿಲ್ಲ. ನಾಳೆ ನಾನು ಕಂಪನಿಯೋರಿಗೆ ಸಹಿ ಹಾಕ್ತೀನಿ.”

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. “ಪತ್ರಿಕೆ ಕುರಿ ಯಾವು ಹೋದ್ವು?”

“ಕಿವಿ ಕೊಯ್ದಿರೋವು ಅಲ್ಲಿ ಬಿದ್ದಾವಲ್ಲ.”

“ಅವು ನಮ್ಮವು.” ಕೈ ಬಿಡಿಸಿಕೊಂಡು ಹೋಗಿ ಮಂದೆಯೊಳಗಿಂದ ಒಂದು ಕುರಿಯನ್ನು ಕೊರಳು ಹಿಡಿದು ಎಳೆದುಕೊಂಡು ಬಂದಳು. ಗಬ್ಬದ ಕುರಿ, ಮಂದೆಯಲ್ಲೇ ಕಣ್ಣಿಗೆ ಬೀಳುವಂಥದು. ಅದರ ಎಡಗಿವಿಯಿಂದ ರಕ್ತ ಇನ್ನೂ ಜಿನುಗುತ್ತಿತ್ತು. ಕೊಯ್ತದ ಮೇಲೆ ಅರಿಶಿನ ಮೆತ್ತಿತ್ತು. “ಇದು ಪತ್ರಿಕೇದು. ಅಕಾ ನೋಡ್ರಿ, ಅದು ದೊಡ್ಡಪಾಲಯ್ಯನ ಮನೇದು. ಫೋನ್ನಾಗೆ ಹೇಳ್ದ, ನಾನೇ ಕೊಯ್ದೆ. ಅವೆರಡೂ ಅಷ್ಟೇ. ಬಿಟ್ಟ ಕುರಿ ಸಾಯಾಕಿಲ್ಲ ಮೇಡಮ್ಮೋರೆ. ಸತ್ರೆ ಮನೇದು ಸಾಯ್ತೈತೆ.”

“ಇದು ಅನ್ಯಾಯ ನಾಗಕ್ಕ. ಇರೋದ್ರಲ್ಲೇ ಒಳ್ಳೇದು ಇದು, ಇದನ್ನೂ ಕೊಟ್ರೆ ನಿಮಗೇನು ಉಳೀತೈತೆ? ನನಗೆ ಬೇಡ. ನಾನೇ ಹೇಳ್ತಿದ್ದೀನಿ, ಬೇಡ.”

ಅಷ್ಟು ಹೊತ್ತು ತಡೆದುಕೊಂಡಿದ್ದವಳಿಗೆ ಆಗ ಸಿಟ್ಟು ಬಂತು. “ಬ್ಯಾಡ ಅನ್ನಾಕೆ ನೀವ್ಯಾರಮ್ಮ? ನಿಮಗೆ ಕೊಟ್ಟಿದ್ರೆ ನೀವು ಬ್ಯಾಡ ಅನ್ನಬಹುದಾಗಿತ್ತು. ನಾವು ನಿಮಗೆ ಕೊಟ್ಟೀವಾ?”

ಲೋಹಿತ ಬರೆಸುವುದನ್ನು ನಿಲ್ಲಿಸಿ ನಮ್ಮ ಕಡೆ ನೋಡಿದ. ಇಷ್ಟು ವರ್ಷ ಸಭೆ ಸಮಾರಂಭದಲ್ಲೆಲ್ಲ ‘ನನ್ನ ಪತ್ರಿಕೆ’ ಎಂದು ಹೇಳಿಕೊಂಡು ತಿರುಗಿದ್ದೆ. ಅದಕ್ಕಾಗಿ ನಿದ್ದೆಗೆಟ್ಟವಳು ನಾನು, ಸಂಬಳ ಸುರಿದವ‌ಳು ನಾನು, ಅದನ್ನು ಉಳಿಸುವುದೂ ಕೈಬಿಡುವುದೂ ನನಗೆ ಸೇರಿದ್ದು ಎಂದುಕೊಂಡಿದ್ದೆ. ಅದು ನನ್ನ ಕೈದಾಟಿ ಯಾವಾಗಲೋ ಹೋಗಿತ್ತು. ಕಿವಿಯಲ್ಲಿ ರಕ್ತ ಜಿನುಗುತ್ತಿದ್ದ ಆ ಕುರಿಯ ಮುಂದೆ ನಿಂತು ನಾನು ಬಿಕ್ಕಿಬಿಕ್ಕಿ ಅತ್ತೆ. ನಾಗಕ್ಕ ಸೆರಗಿನಿಂದ ನನ್ನ ಮುಖ ಒರೆಸಿ, “ನಡೀರಿ, ಪಾತಣ್ಣ ನಿನ್ನೆಯಿಂದ ಉಂಡಿಲ್ಲ, ನೀವಾದ್ರೂ ಹೇಳ್ರಿ,” ಎಂದಳು.

ಸೋಮವಾರದ ಸಭೆಗೆ ಚಿರಂಜೀವಿ ಅಚ್ಚುಕಟ್ಟಾದ ಫೈಲು ಹಿಡಿದು ಬಂದಿದ್ದ. ಸುದ್ದಿ ಪೇಪರಿನಲ್ಲಿ ಬಂದಿದ್ದರಿಂದ ಎಲ್ಲರಿಗೂ ಗೊತ್ತಿತ್ತು. ಅವನು ಎದ್ದು ನಿಂತು, ಕೇಳಿ ಬಹಳ ಬೇಜಾರಾಯಿತು ಮೇಡಂ ಎಂದ. ಮನಸ್ಸಿನಿಂದಲೇ ಹೇಳಿದ. ಆಮೇಲೆ ಫೈಲನ್ನು ನನ್ನ ಕಡೆಗೆ ಮೆಲ್ಲಗೆ ಸರಿಸಿದ.

ಮುರುಗೇಂದ್ರಪ್ಪನವರು ಗಂಟಲು ಸರಿಮಾಡಿಕೊಂಡರು. “ನಾನು ಬಾಯ್ತಪ್ಪಿ ಅಂದೆ, ಹಂಗೇ ಆಗೋಯ್ತು. ಮನಸ್ಸಿಗೆ ಹಚ್ಕೋಬೇಡ್ರಿ. ಸಹಿ ಹಾಕ್ರಿ.”

“ಪತ್ರಿಕೆ ಕುರಿ ಒಂದೂ ಸತ್ತಿಲ್ಲ ಮುರುಗೇಂದ್ರಪ್ಪನೋರೆ,” ಎಂದೆ. ಕೊಂಡ್ಲಹಳ್ಳಿಯಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಮುರುಗೇಂದ್ರಪ್ಪನವರು ಮುಂದಕ್ಕೆ ಬಾಗಿ ಕೂತರು. ಅವರು ವ್ಯಾಪಾರದ ಮಾತು ಕೇಳುವಾಗ ಮಾತ್ರ ಹಾಗೆ ಕೂರುತ್ತಾರೆ.

“ಪರಿಹಾರದ ಅರ್ಜೀಲಿ ಯಾರ ಹೆಸರು ಬರೆಸಿದ್ರು?”

“ಅವರವರದ್ದೇ. ಪತ್ರಿಕೇದು ಸತ್ತಿಲ್ಲವಲ್ಲ.”

“ಅಂದ್ರೆ ಲಾಭದಾಗೆ ಪತ್ರಿಕೆಗೆ ಪಾಲೈತೆ. ನಷ್ಟದಾಗೆ ಇಲ್ಲ.”

“ಹೌದು.”

ಅವರು ಚಿರಂಜೀವಿಯ ಕಡೆ ತಿರುಗಿದರು. ರಾಯದುರ್ಗ, ಅನಂತಪುರದವರ ಜೊತೆ ಶೇಂಗಾ ವ್ಯಾಪಾರ ಮಾಡಿ ಮಾಡಿ ಅವರಿಗೆ ತೆಲುಗು ಮನೆಮಾತಿನಷ್ಟೇ ಸಲೀಸು. “ನಷ್ಟಂ ವಸ್ತೇ ಮೀರೇಂ ಚೇಸ್ತಾರು ನಾಯನಾ?” ಎಂದು ಕೇಳಿದರು. ನಷ್ಟ ಬಂದರೆ ನೀವೇನು ಮಾಡುತ್ತೀರಿ ಎಂದು.

ಚಿರಂಜೀವಿಗೆ ಸುಳ್ಳು ಹೇಳುವುದು ಬರುವುದಿಲ್ಲ ಎಂದು ಮೊದಲೇ ಹೇಳಬೇಕಿತ್ತು. ಅವನು ಫೈಲಿನ ಹಾಳೆ ತಿರುವಿ, ಒಂದು ಕಲಮಿನ ಮೇಲೆ ಬೆರಳಿಟ್ಟ. “ಆರು ತಿಂಗಳ ನೋಟಿಸು ಕೊಟ್ಟು ಮುಚ್ತೀವಿ ಸಾರ್,” ಎಂದ ಕನ್ನಡದಲ್ಲೇ.

ಮುರುಗೇಂದ್ರಪ್ಪನವರು ಆ ಕಲಮನ್ನು ಕನ್ನಡಕ ಹಾಕಿಕೊಂಡು ಓದಿದರು. ಓದಿ ಫೈಲು ಮಡಚಿ, ಅದನ್ನು ಮರ್ಯಾದೆಯಿಂದಲೇ ಅವನ ಕೈಗೆ ವಾಪಸು ಕೊಟ್ಟರು. “ಊಟ ಮಾಡ್ಕೊಂಡು ಹೋಗಪ್ಪ, ಬಿಸಿಲೈತೆ,” ಎಂದರು. ಅವನಿಗೂ ಅರ್ಥವಾಯಿತು. ನನಗೆ ಕೈಮುಗಿದು ಹೊರಟ.

ನಾನು ಏಳಲು ಹೊರಟೆ. ಮುರುಗೇಂದ್ರಪ್ಪನವರು ಕೂರಿ ಎಂಬಂತೆ ಕೈ ಮಾಡಿದರು.

“ನನ್ನ ಹತ್ರ ಕುರಿ ಇಲ್ಲ. ಮಿಲ್ಲೈತೆ. ನಾನು ಗಾಣದ ಒಂದು ಪಾಲು ಬಿಡ್ತೀನಿ ಅಂದ್ರೆ ಬರ್ಕಂತೀರಾ?”

“ಬರ್ಕಂತೀನಿ. ಕರಾರು ಅದೇ. ಮಿಲ್ಲಿಗೆ ನಷ್ಟ ಬಂದ ವರ್ಷಾನೂ ಆ ಪಾಲು ನಿಲ್ಲಂಗಿಲ್ಲ.”

“ನಿಲ್ಲಲ್ಲ.”

“ಪತ್ರಿಕೇಲಿ ನಿಮ್ಮ ಹೆಸರು ಹಾಕಲ್ಲ.”

ಅವರಿಗೆ ಅದು ಸ್ವಲ್ಪ ನೋವಾಯಿತು, ಮುಖದಲ್ಲೇ ಕಂಡಿತು. ಆದರೂ ತಲೆಯಾಡಿಸಿದರು. ಆಮೇಲೆ, ಯಾವತ್ತೂ ಕೇಳಿರದಂಥ ಮೆಲುದನಿಯಲ್ಲಿ ಕೇಳಿದರು:

“ನಾನು ಸತ್ರೆ?”

“ನೀವು ಸತ್ರೂ ಪತ್ರಿಕೇದು ಸಾಯಂಗಿಲ್ಲ,” ಎಂದೆ.

ಮುರುಗೇಂದ್ರಪ್ಪನವರು ಪಕ್ಕದಲ್ಲಿ ಕೂತಿದ್ದ ಮಗನ ಕಡೆ ತಿರುಗಿದರು.

“ಕೇಳಿಸ್ಕೊಂಡ್ಯೇನೋ?”

ಸಿದ್ದಲಿಂಗೇಶ್ ಕ್ಯಾಲ್ಕುಲೇಟರನ್ನು ಪಕ್ಕಕ್ಕಿಟ್ಟು, “ಕೇಳಿಸ್ಕೊಂಡೆ ಅಪ್ಪಾಜಿ,” ಎಂದ.